ತಿರುವಿನ ದಾರಿಯಲ್ಲಿ ಮೂರಂತಸ್ತಿನ ಕೇಕ್

ಕೊಡಗಿನ ಚೆಟ್ಟಳ್ಳಿಯಿಂದ ಯಾವ ಕಡೆಗೆ ಹೊರಟರೂ ನೇರ ರಸ್ತೆ ಸಿಗುವುದಿಲ್ಲ. ಮಡಿಕೇರಿಯ ಕಡೆಗೆ ಏರು, ತಿರುವು, ಮತ್ತೆ ಏರು. ಸಿದ್ದಾಪುರಕ್ಕೋ ಸುಂಟಿಕೊಪ್ಪಕ್ಕೋ ಹೊರಟರೆ ಎರಡೂ ಬದಿಗೆ ಕಾಫಿ ತೋಟದ ಬೇಲಿ. ಎದುರಿನಿಂದ ಜೀಪ್ ಬಂದರೆ ಕೆಲವು ಕಡೆ ಒಂದು ಚಕ್ರ ಮಣ್ಣಿಗಿಳಿಸಬೇಕು. ಮದುವೆ ತೋಟದೊಳಗಿನ ಹೋಂಸ್ಟೇಯಲ್ಲಾದರೆ ಕೊನೆಯ ತುಂಡು ದಾರಿ ಬರೀ ಕಲ್ಲುಮಣ್ಣಿನದು. ಇಂಥ ದಾರಿಯಲ್ಲಿ ಮೂರಂತಸ್ತಿನ ಸ್ಟೆಪ್ ಕೇಕ್ ಒಂದು ವಾಲದೆ, ಬಿರುಕು ಬಿಡದೆ ಮದುವೆಮನೆ ಸೇರುವುದರ ಹಿಂದೆ ಒಂದು ಕಸುಬಿದೆ. ಕೆನೆಯ ಹೂವು, ಬಣ್ಣ, ಮೇಲಿನ ಗೊಂಬೆ ಎಲ್ಲರ ಕಣ್ಣಿಗೂ ಬೀಳುತ್ತವೆ. ಒಳಗೆ ನಿಂತು ಭಾರ ಹೊರುವ ಕಡ್ಡಿ, ಹಲಗೆ, ತಟ್ಟೆಗಳನ್ನು ಯಾರೂ ನೋಡುವುದಿಲ್ಲ. ಕೇಕ್ ಕೆಲಸದಲ್ಲಿ ನನಗೆ ಅತಿ ಹೆಚ್ಚು ಗೌರವ ಹುಟ್ಟಿಸುವುದು ಆ ಕಾಣದ ಭಾಗವೇ.

ಕೊಡಗಿಗೆ ಕೇಕ್ ಹೊಸದಲ್ಲ. ಮಾಕುಟ್ಟ ಘಾಟಿ ಇಳಿದರೆ ಸಿಗುವ ತಲಚೇರಿಯಲ್ಲಿ ಬೇಕರಿ ನಡೆಸುತ್ತಿದ್ದ ಮಂಬಳ್ಳಿ ಬಾಪು ಅವರು 1883ರಲ್ಲೇ ಕ್ರಿಸ್‌ಮಸ್ ಕೇಕ್ ಮಾಡಿದ್ದರೆಂದು ಆ ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕೊಡಗಿನ ಕಾಫಿ ಹಡಗು ಹತ್ತುತ್ತಿದ್ದದ್ದು ಅದೇ ತಲಚೇರಿಯಲ್ಲಿ. ತೋಟ ಮಾಡಿದ ಬ್ರಿಟಿಷರ ಬಂಗಲೆಗಳಲ್ಲಿ, 1792ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ನೆಲೆಯೂರಿದ ಕ್ರೈಸ್ತ ಕುಟುಂಬಗಳಲ್ಲಿ ಕೇಕಿಗೆ ಅದರದೇ ಜಾಗವಿತ್ತು. ಆದರೆ ಆ ಕೇಕ್ ಒಂದೇ ಅಂತಸ್ತಿನದು, ಒಣಹಣ್ಣು ತುಂಬಿದ ಗಟ್ಟಿ ಕೇಕ್. ತಟ್ಟೆಯಲ್ಲಿಟ್ಟು ಎಲ್ಲಿಗೆ ಬೇಕಾದರೂ ಒಯ್ಯಬಹುದಾಗಿತ್ತು.

ಅಂತಸ್ತು ಅಂತಸ್ತಾಗಿ ಏರುವ ಮದುವೆ ಕೇಕ್ ಬ್ರಿಟಿಷ್ ಅರಮನೆಯ ಬಳುವಳಿ. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಮಗಳ ಮದುವೆಗೆ ಮಾಡಿದ ಎತ್ತರದ ಕೇಕಿನಲ್ಲಿ ತಳ ಮಾತ್ರ ಕೇಕ್, ಮೇಲಿನದೆಲ್ಲ ಬರೀ ಸಕ್ಕರೆಯ ಅಚ್ಚು. ಎಲ್ಲ ಅಂತಸ್ತೂ ನಿಜವಾದ ಕೇಕೇ ಆದದ್ದು 1882ರಲ್ಲಿ, ಆ ಮಗಳ ತಮ್ಮ ಲಿಯೊಪೋಲ್ಡನ ಮದುವೆಯಲ್ಲಿ ಎಂದು ಕೇಕಿನ ಚರಿತ್ರೆ ಬರೆದವರು ಗುರುತಿಸುತ್ತಾರೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್ ಅವರ ಮದುವೆ ಕೇಕ್ ನಾಲ್ಕಂತಸ್ತಿನದು; ಒಂಬತ್ತು ಅಡಿ ಎತ್ತರ, 500 ಪೌಂಡ್ ತೂಕ. ಅಷ್ಟು ಭಾರ ನಿಂತದ್ದು ಹೇಗೆ? ಒಳಗಿನದು ಒಣಹಣ್ಣಿನ ಗಟ್ಟಿ ಕೇಕ್. ಮೇಲೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆ ಪುಡಿಯ ರಾಯಲ್ ಐಸಿಂಗ್, ಒಣಗಿದರೆ ಗಾರೆಯಷ್ಟೇ ಬಿರುಸು. ಆ ಕವಚದ ಮೇಲೆ ಕಂಬ ನಿಲ್ಲಿಸಬಹುದಿತ್ತು.

ಇವತ್ತು ನಮ್ಮಲ್ಲಿ ಜನ ಕೇಳುವುದು ಮೆತ್ತನೆಯ ಸ್ಪಂಜ್, ನಡುವೆ ವಿಪ್ಪಿಂಗ್ ಕ್ರೀಮ್, ಹಣ್ಣಿನ ತಿರುಳು. ಚೆಟ್ಟಳ್ಳಿಯಲ್ಲಂತೂ ಹಣ್ಣಿಗೆ ಬರವಿಲ್ಲ. ಇಲ್ಲಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದಲೇ ‘ಕಾವೇರಿ’ ಎಂಬ ಪ್ಯಾಶನ್ ಫ್ರೂಟ್ ತಳಿ ಹೊರಬಂದಿದೆ; ಬೆಣ್ಣೆಹಣ್ಣು, ರಂಬುಟಾನ್, ಕೊಡಗಿನ ಕಿತ್ತಳೆಯ ಮೇಲೂ ಅಲ್ಲಿ ಕೆಲಸ ನಡೆದಿದೆ. 1946ರಿಂದ ಇರುವ ಕಾಫಿ ಸಂಶೋಧನಾ ಉಪಕೇಂದ್ರವೂ ಇದೇ ಊರಿನದು. ಪ್ಯಾಶನ್ ಫ್ರೂಟಿನ ಹುಳಿಸಿಹಿ ತಿರುಳು, ಕಾಫಿ ಡಿಕಾಕ್ಷನ್ ಬೆರೆಸಿದ ಕೆನೆ ತುಂಬಿದ ಕೇಕ್ ರುಚಿಗೆ ಎಷ್ಟು ಸೊಗಸೋ, ಒಂದರ ಮೇಲೊಂದು ಕೂರಿಸಲು ಅಷ್ಟೇ ಕಷ್ಟ. ನೀರಾದ ತಿರುಳಿನ ಮೇಲೆ ಸ್ಪಂಜ್ ಜಾರುತ್ತದೆ. ಅದಕ್ಕೇ ತಿಳಿದವರು ಅಂಚಿನ ಸುತ್ತ ಗಟ್ಟಿ ಕೆನೆಯ ಬದು ಕಟ್ಟಿ, ತಿರುಳನ್ನು ಅದರೊಳಗೆ ತೆಳ್ಳಗೆ ಹರಡುತ್ತಾರೆ. ಕೆಳಗಿನ ಅಂತಸ್ತಿಗೆ ಸಾಧ್ಯವಾದಷ್ಟೂ ಗಟ್ಟಿ ಹೂರಣ, ತೆಳು ತಿರುಳೇನಿದ್ದರೂ ಮೇಲಿನ ಪುಟ್ಟ ಅಂತಸ್ತಿಗೆ.

ಇನ್ನು ಭಾರದ ಲೆಕ್ಕ. ನಾಲ್ಕು ಇಂಚು ಎತ್ತರದ ಕ್ರೀಮ್ ಕೇಕ್ 10 ಇಂಚು ಅಗಲವಿದ್ದರೆ ಸುಮಾರು 3 ಕೆ.ಜಿ., 8 ಇಂಚಿನದು 2 ಕೆ.ಜಿ., 6 ಇಂಚಿನದು 1 ಕೆ.ಜಿ.ಗೆ ತುಸು ಮೇಲೆ ತೂಗುತ್ತದೆ. ಚಾಕೊಲೇಟ್ ಕೆನೆಯ ಗನಾಶ್ ಬಳಿದು ಸಕ್ಕರೆ ಕಣಕದ ಫಾಂಡಂಟ್ ಹೊದಿಸಿದರೆ ತೂಕ ಇನ್ನೂ ಏರುತ್ತದೆ. ತಳದ ಸ್ಪಂಜಿನ ತಲೆಯ ಮೇಲೆ ಮೂರು ಕಿಲೋ ದಾಟಿದ ಹೊರೆ ಕೂತರೆ ಅದು ಮೊದಲು ಉಬ್ಬುತ್ತದೆ, ಆಮೇಲೆ ಪಕ್ಕದ ಕೆನೆ ಬಿರಿಯುತ್ತದೆ, ಕೊನೆಗೆ ಕುಸಿಯುತ್ತದೆ. ಹಾಗಾಗಿ ಸ್ಟೆಪ್ ಕೇಕ್ ಕಟ್ಟುವುದೆಂದರೆ ಮಹಡಿ ಮನೆ ಕಟ್ಟಿದಂತೆ. ಪ್ರತಿ ಅಂತಸ್ತಿನ ಕೆಳಗೂ ಒಂದು ಹಲಗೆ, ಆ ಹಲಗೆಯ ಕೆಳಗೆ ಕಂಬಗಳು, ಕಂಬಗಳ ಬುಡ ಕೆಳಗಿನ ಹಲಗೆಯ ಮೇಲೆ. ಭಾರ ಹಲಗೆಯಿಂದ ಕಂಬಕ್ಕೆ, ಕಂಬದಿಂದ ಹಲಗೆಗೆ ಇಳಿದು ಮೇಜು ಸೇರಬೇಕು. ಕೇಕ್ ಆ ಕಂಬಗಳ ನಡುವೆ ಸುಮ್ಮನೆ ಕೂತಿರಬೇಕು. ಹಲಗೆಯಿಲ್ಲದೆ ಕಂಬ ಮಾತ್ರ ಚುಚ್ಚಿದರೆ ಕಂಬವೇ ಮೇಲಿನ ಕೇಕನ್ನು ತೂರಿಕೊಂಡು ಹೋಗುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಕಂಬಕ್ಕೆ ಏನು ಆರಿಸಬೇಕು? ಅಗ್ಗದ್ದು, ಮನೆಯಲ್ಲೇ ಕೇಕ್ ಮಾಡುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಬಲ್ ಟೀ ಕುಡಿಯುವ ದಪ್ಪ ಸ್ಟ್ರಾ. ಕತ್ತರಿಯಲ್ಲೇ ಕತ್ತರಿಸಬಹುದು, ಟೊಳ್ಳಾದ್ದರಿಂದ ಒಳಗೆ ಹೋಗುವಾಗ ಕೇಕನ್ನು ಪಕ್ಕಕ್ಕೆ ತಳ್ಳುವುದಿಲ್ಲ. ನೆಟ್ಟಗೆ ನಿಂತಿರುವಷ್ಟು ಹೊತ್ತು ಹಗುರ ಅಂತಸ್ತನ್ನು ಚೆನ್ನಾಗಿಯೇ ಹೊರುತ್ತದೆ. ಎರಡಂತಸ್ತಿನ ಹುಟ್ಟುಹಬ್ಬದ ಕೇಕಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಜ್ಯೂಸ್ ಅಂಗಡಿಯ ತೆಳು ಸ್ಟ್ರಾ ಮಾತ್ರ ಬೇಡ, ಅದು ಮಡಚಿಕೊಳ್ಳುತ್ತದೆ. ಮರದ ಡೋವೆಲ್ ಕಡ್ಡಿ ಇನ್ನೂ ಗಟ್ಟಿ. ಆದರೆ ಗರಗಸದಲ್ಲಿ ಕೊಯ್ದಾಗ ತುದಿ ಓರೆಯಾದರೆ ಕಡ್ಡಿ ಓರೆಯಾಗಿಯೇ ನಿಲ್ಲುತ್ತದೆ. ಕೊಯ್ದ ತುದಿಗೆ ಮರಳು ಕಾಗದ ಉಜ್ಜಿ, ತೊಳೆದು ಒಣಗಿಸಲೇಬೇಕು. ತೋಟದಲ್ಲಿ ಬಿದಿರೋ ಕಾಫಿ ಗಿಡದ ಕೋಲೋ ಸಿಗುತ್ತದೆಂದು ಅದನ್ನು ಕೆತ್ತಿ ಚುಚ್ಚುವುದು ಸಲ್ಲ. ಹಸಿ ಕಟ್ಟಿಗೆಯ ಒಗರು, ತೋಟಕ್ಕೆ ಹೊಡೆದ ಔಷಧಿ ಎರಡೂ ಕೇಕಿಗೆ ಇಳಿಯಬಹುದು. ಆಹಾರಕ್ಕೆಂದೇ ಮಾಡಿದ ದಪ್ಪ ಪ್ಲಾಸ್ಟಿಕ್ ಡೋವೆಲ್ ಸ್ಟ್ರಾ ಮತ್ತು ಮರದ ಕಡ್ಡಿಯ ನಡುವಿನದು.

ಎಷ್ಟು ಕಡ್ಡಿ ಎಂಬುದಕ್ಕೆ ರೂಢಿಯ ಲೆಕ್ಕವಿದೆ: ಮೇಲೆ ಕೂರುವುದು 6 ಇಂಚಿನ ಅಂತಸ್ತಾದರೆ ನಾಲ್ಕೈದು, 8 ಇಂಚಿನದಾದರೆ ಐದಾರು. ಮೇಲಿನ ಹಲಗೆಯ ಗುರುತು ಹಾಕಿ, ಅದರ ಅಂಚಿನಿಂದ ಸುಮಾರು ಒಂದು ಇಂಚು ಒಳಗೆ ಸುತ್ತಲೂ ಚುಚ್ಚಬೇಕು. ಎಣಿಕೆಗಿಂತ ಮುಖ್ಯವಾದದ್ದು ಉದ್ದ. ಒಂದು ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಕೇಕಿನ ಮೇಲ್ಮೈಗೆ ಸರಿಯಾಗಿ ಗುರುತು ಹಾಕಿ, ಉಳಿದೆಲ್ಲವನ್ನೂ ಅದೇ ಅಳತೆಗೆ ಕತ್ತರಿಸಬೇಕು. ಕೇಕ್ ಒಂದು ಕಡೆ ತಗ್ಗಿದೆಯೆಂದು ಆ ಕಡೆಯ ಕಡ್ಡಿಯನ್ನು ಗಿಡ್ಡ ಮಾಡಿದರೆ ಮೇಲಿನ ಅಂತಸ್ತೂ ಆ ಕಡೆಗೇ ವಾಲುತ್ತದೆ. ಕಂಬಗಳು ಸಮನಾಗಿದ್ದು ಸಣ್ಣ ಸಂದು ಉಳಿದರೆ ಕೆನೆ ತುಂಬಿ ಮುಚ್ಚಬಹುದು. ಗಾರೆಯವರ ಪುಟ್ಟ ರಸಮಟ್ಟವೊಂದನ್ನು ಚೆನ್ನಾಗಿ ತೊಳೆದು ಕೇಕಿನ ಕೋಣೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೂ ನೇರ ಇಳಿಯುವ ಭಾರದ ಮಾತು. ಚೆಟ್ಟಳ್ಳಿಯ ಕೇಕಿಗೆ ಅದಕ್ಕಿಂತ ದೊಡ್ಡ ಶತ್ರು ಪಕ್ಕದಿಂದ ಬರುವ ಒತ್ತಡ. ತಿರುವಿನಲ್ಲಿ ಅಡ್ಡಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೂವತ್ತು ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುತ್ತಿದರೆ ಕೇಕಿನ ಮೇಲೆ ಅದರ ತೂಕದ ಶೇ. 40ರಷ್ಟು ಬಲ ಪಕ್ಕಕ್ಕೆ ಬೀಳುತ್ತದೆ, 20 ಕಿ.ಮೀ.ಗೆ ಇಳಿಸಿದರೆ ಅದು ಶೇ. 10ಕ್ಕೆ ಇಳಿಯುತ್ತದೆ. ಎರಡು ಕಿಲೋದ ಅಂತಸ್ತಿಗೆ ಇದು 800 ಗ್ರಾಂ ಮತ್ತು 200 ಗ್ರಾಂ ನಡುವಿನ ವ್ಯತ್ಯಾಸ. ಕೇಕಿನಲ್ಲಿ ಚುಚ್ಚಿ ನಿಲ್ಲಿಸಿದ ಬಿಡಿ ಕಡ್ಡಿಗಳಿಗೆ ಈ ಬಲವನ್ನು ತಡೆಯುವ ಶಕ್ತಿಯಿಲ್ಲ. ಅವುಗಳ ಬುಡವೂ ಬಿಡಿ, ತಲೆಯೂ ಬಿಡಿ. ಎಲ್ಲವೂ ಒಟ್ಟಿಗೆ ಒಂದೇ ದಿಕ್ಕಿಗೆ ಮಲಗುತ್ತವೆ, ಸುತ್ತಲಿನ ಮೆತ್ತನೆ ಸ್ಪಂಜ್ ಅವನ್ನು ಹಿಡಿಯಲಾರದು. ಹತ್ತು ಕಡ್ಡಿಯ ಬದಲು ಇಪ್ಪತ್ತು ಚುಚ್ಚಿದರೂ ಫಲ ಅಷ್ಟೇ, ಕೇಕ್ ಮಾತ್ರ ತೂತು ತೂತಾಗುತ್ತದೆ.

ಹಾಗಾಗಿ ಆಧಾರವನ್ನು ಕೇಕಿನ ಚಿತ್ರ ನೋಡಿ ಆರಿಸಬಾರದು, ಅದು ಹೋಗುವ ದಾರಿ ನೋಡಿ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಸಭಾಂಗಣದ ಅಡುಗೆಮನೆಯಲ್ಲೇ ಮಾಡಿ ಲಿಫ್ಟಿನಲ್ಲಿ ಇಳಿಸುವ ಕೇಕಿಗೆ ಸಾಕಾಗುವುದು ಕೊಡಗಿನ ಕೇಕಿಗೆ ಸಾಲದು. ಬೆಂಗಳೂರಿನಲ್ಲಿ ವರ್ಷದ ಕೊನೆಗೆ ಇನ್‌ಸ್ಟಿಟ್ಯೂಟ್ ಆಫ್ ಬೇಕಿಂಗ್ ಅಂಡ್ ಕೇಕ್ ಆರ್ಟ್ ನಡೆಸುವ ಕೇಕ್ ಪ್ರದರ್ಶನ ಐದು ದಶಕಗಳಿಂದ ಹೆಸರುವಾಸಿ. ಅಲ್ಲಿನ ಆಳೆತ್ತರದ ಸಕ್ಕರೆ ಶಿಲ್ಪಗಳನ್ನು ನೋಡಿ ಕಲಿಯುವುದು ಬಹಳ ಇದೆ. ಆದರೆ ಪ್ರದರ್ಶನದ ಶಿಲ್ಪ ನಿಂತಲ್ಲೇ ನಿಂತಿರುತ್ತದೆ, ಮದುವೆಯ ಕೇಕ್ ಪ್ರಯಾಣ ಮಾಡುತ್ತದೆ.

ಪಕ್ಕದ ಒತ್ತಡಕ್ಕೆ ಮೊದಲ ಉತ್ತರ ನಡುಗಂಬ. ಪ್ರತಿ ಹಲಗೆಯ ಮಧ್ಯೆ ಮೊದಲೇ ತೂತು ಕೊರೆದಿರಬೇಕು. ಅಂತಸ್ತುಗಳನ್ನು ಕೂರಿಸಿದ ಮೇಲೆ ಪೆನ್ಸಿಲಿನಂತೆ ಚೂಪು ಮಾಡಿದ ಉದ್ದನೆಯ ಒಂದೇ ಡೋವೆಲನ್ನು ಮೇಲಿನಿಂದ ತಳದ ಹಲಗೆಯವರೆಗೆ ಇಳಿಸಬೇಕು. ಇದು ಭಾರ ಹೊರುವುದಿಲ್ಲ, ಜಾರುವುದನ್ನು ತಡೆಯುತ್ತದೆ. ಎರಡನೆಯದು ಇನ್ನೂ ಭದ್ರ: ತಳದ ದಪ್ಪ ಹಲಗೆಗೇ ನಟ್ಟು, ವಾಷರು ಹಾಕಿ ಬಿಗಿದ ಥ್ರೆಡ್ ರಾಡ್. ಕೇಕುಗಳನ್ನು ಅದರ ಮೂಲಕ ಮೇಲಿನಿಂದ ಇಳಿಸುತ್ತ ಬರುವುದು. ರಾಡ್ ಕೇಕಿಗೆ ತಾಗದಂತೆ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ನಳಿಕೆಯ ಹೊದಿಕೆ ಕಡ್ಡಾಯ. ರಾಡ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಹಲಗೆಯನ್ನು ಬಡಗಿ ಕೊರೆದುಕೊಡುತ್ತಾನೆ. ನಮ್ಮಂಥ ಸಣ್ಣ ಊರಿಗೆ ಇದು ತುಂಬ ಹೊಂದುವ ದಾರಿ.

ಮೂರನೆಯದು ತಟ್ಟೆ ಮತ್ತು ಕಾಲುಗಳ ಸೆಟ್. ಪ್ಲಾಸ್ಟಿಕ್ ತಟ್ಟೆಯ ಅಡಿಯಲ್ಲಿ ನಾಲ್ಕು ಗೂಡುಗಳಿದ್ದು ಟೊಳ್ಳು ಕಾಲುಗಳು ಅದರಲ್ಲಿ ಕಚ್ಚಿಕೊಳ್ಳುತ್ತವೆ. ತಲೆ ಬಿಗಿಯಾಗಿ ಹಿಡಿದಿರುವುದರಿಂದ ಕಾಲುಗಳು ಬಿಡಿ ಕಡ್ಡಿಯಂತೆ ಮಲಗುವುದಿಲ್ಲ. ಕೇಕಿನ ಎತ್ತರ ಕಾಲಿನ ಎತ್ತರಕ್ಕೆ ಸರಿಯಾಗಿ ಹೊಂದಬೇಕು ಎಂಬುದೊಂದೇ ಶಿಸ್ತು. ಬೆಲೆ ತುಸು ಹೆಚ್ಚಾದರೂ ತೊಳೆದು ಮತ್ತೆ ಬಳಸಬಹುದು. ಅಂತಸ್ತುಗಳ ನಡುವೆ ಖಾಲಿ ಜಾಗ ಬಿಟ್ಟು ನಿಲ್ಲಿಸುವ ಹಳೆಯ ಬಿಳಿ ಕಂಬಗಳ ಸೆಟ್ ನೋಡಲು ಚೆಂದ. ಆದರೆ ಅದನ್ನು ಕೂಡಿಸಿಕೊಂಡು ಗಾಡಿಯಲ್ಲಿ ಒಯ್ಯಲೇಬಾರದು, ಜಾಗಕ್ಕೆ ಹೋಗಿಯೇ ಜೋಡಿಸಬೇಕು.

ಎಲ್ಲದರ ಬುಡ ತಳದ ಹಲಗೆ. ಮೂರಂತಸ್ತಿಗೆ 12 ಮಿ.ಮೀ. ದಪ್ಪದ ಎಂಡಿಎಫ್ ಅಥವಾ ಪ್ಲೈವುಡ್, ಕೇಕಿಗಿಂತ ಮೂರ್ನಾಲ್ಕು ಇಂಚು ಅಗಲ, ಮೇಲೆ ಫಾಯಿಲ್ ಹೊದಿಕೆ. ಇಬ್ಬರು ಎರಡು ತುದಿ ಹಿಡಿದು ಎತ್ತಿದಾಗ ಹಲಗೆ ಕೂದಲೆಳೆಯಷ್ಟು ಬಾಗಿದರೂ ಫಾಂಡಂಟ್ ಸೀಳುತ್ತದೆ. ರಟ್ಟಿನ ತಟ್ಟೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನಂಬಲೇಬೇಡಿ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗುತ್ತದೆ. ಅದೇ ತೇವಕ್ಕೆ ಫ್ರಿಜ್ಜಿನಿಂದ ತೆಗೆದ ಫಾಂಡಂಟ್ ಬೆವರುತ್ತದೆ. ಕರೆಂಟು ಹೋದರೆ ಕೆನೆ ಸಡಿಲಾಗುತ್ತದೆ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡ ಜಿಲ್ಲೆಯಿದು. ಮಳೆಗಾಲದಲ್ಲಿ ಸುತ್ತು ದಾರಿ ಹಿಡಿಯಬೇಕಾಗಬಹುದೆಂದು ಸಮಯ ಲೆಕ್ಕ ಹಾಕಿಯೇ ಹೊರಡಬೇಕು.

ಗಾಡಿಯ ವಿಷಯದಲ್ಲಿ ಒಂದು ಮಾತು. ಕೊಡಗಿನವರಿಗೆ ಜೀಪಿನ ಮೇಲೆ ಪ್ರೀತಿ ಜಾಸ್ತಿ, ಆದರೆ ಕೇಕಿಗೆ ಅದರ ಗಡುಸು ಕುಲುಕಾಟ ಒಗ್ಗದು. ಸಮತಟ್ಟಾದ ಡಿಕ್ಕಿಯಿರುವ ಎ.ಸಿ. ಕಾರು ಮೇಲು. ಸೀಟಿನ ಮೇಲಂತೂ ಇಡಬಾರದು, ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ. ಅಡಿಗೆ ಜಾರದ ರಬ್ಬರ್ ಮ್ಯಾಟ್, ಅದರ ಮೇಲೆ ಕೇಕಿನ ಅಳತೆಯ ಗಟ್ಟಿ ಪೆಟ್ಟಿಗೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ಕೇಕ್ ದಾರಿಯನ್ನು ತಡೆಯುವಷ್ಟು ಗಟ್ಟಿಯಾಗಿರುತ್ತದೆ. ಮನೆ ಫ್ರಿಜ್ಜಿನಲ್ಲಿ ಮೂರಂತಸ್ತು ಒಟ್ಟಿಗೆ ಹಿಡಿಸದು; ಅದೇ ಕಾರಣಕ್ಕೆ ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸುವವರೂ ಇದ್ದಾರೆ. ತೋಟದ ಕಲ್ಲುದಾರಿ ಇದ್ದರೆ ನಾನೂ ಅದನ್ನೇ ಹೇಳುತ್ತೇನೆ. ಜೊತೆಗೆ ಒಂದು ಡಬ್ಬಿ ಕೆನೆ, ಪೈಪಿಂಗ್ ಬ್ಯಾಗ್, ಪ್ಯಾಲೆಟ್ ಚಾಕು, ನಾಲ್ಕಾರು ಹೆಚ್ಚುವರಿ ಕಡ್ಡಿ, ರಸಮಟ್ಟ. ಹೋಂಸ್ಟೇಯ ಹುಲ್ಲುಹಾಸಿನ ಮೇಲಿಟ್ಟ ಮೇಜು ಸಮವಾಗಿರುವುದು ಅಪರೂಪ. ಕೇಕ್ ಇಡುವ ಮುಂಚೆ ಮೇಜಿನ ಕಾಲಿಗೆ ಚಕ್ಕೆ ಕೊಟ್ಟು ಮಟ್ಟ ಮಾಡಿಕೊಳ್ಳಬೇಕು.

ಕೊಡವ ಮದುವೆಯಲ್ಲಿ ಕತ್ತಿಯಿಂದ ಬಾಳೆ ಕಡಿಯುವುದು ಹಿರಿಯರಿಂದ ಬಂದ ಪದ್ಧತಿ. ಸಾಂಪ್ರದಾಯಿಕ ಉಡುಪು ತೊಟ್ಟು ಕೇಕ್ ಕತ್ತರಿಸುವುದು ಬೇಡವೆಂಬ ವಾದ ಸಮುದಾಯದೊಳಗೇ ಇದೆ, ಅದನ್ನು ಗೌರವಿಸಬೇಕು. ಕೇಕ್ ಬೇಕೆನ್ನುವ ಮನೆಯವರು ಅದನ್ನು ಆರತಕ್ಷತೆಗೋ ಸಂಜೆಯ ಕೂಟಕ್ಕೋ ಇಟ್ಟುಕೊಳ್ಳುತ್ತಾರೆ. ಜನ ಕಡಿಮೆಯಾಗಿ ಎತ್ತರ ಮಾತ್ರ ಬೇಕಿದ್ದರೆ ಕೆಳಗಿನ ಒಂದೆರಡು ಅಂತಸ್ತನ್ನು ಥರ್ಮೋಕೋಲಿನಲ್ಲಿ ಮಾಡಿ ಮೇಲೆ ಅಲಂಕಾರ ಮಾಡುವ ರೂಢಿಯೂ ಇದೆ. ಭಾರದ ಚಿಂತೆ ಅರ್ಧ ಕಳೆಯುತ್ತದೆ, ತಿನ್ನುವ ಕೇಕೂ ವ್ಯರ್ಥವಾಗುವುದಿಲ್ಲ. ಅದರಲ್ಲಿ ಮೋಸವೇನೂ ಇಲ್ಲ, ಗಿರಾಕಿಗೆ ಮೊದಲೇ ಹೇಳಿದ್ದರೆ ಸಾಕು.

ಕೇಕ್ ಒಪ್ಪಿಸಿ ಹೊರಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಯಾವ ಅಂತಸ್ತಿನಲ್ಲಿ ಎಷ್ಟು ಕಡ್ಡಿ, ನಡುಗಂಬ ಇದೆಯೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಡಿಸುವವರ ಕೈಗೇ ಕೊಡಬೇಕು. ಮೊದಲು ನಡುಗಂಬ ಕಿತ್ತು, ಮೇಲಿನ ಅಂತಸ್ತನ್ನು ಹಲಗೆಯ ಸಮೇತ ಎತ್ತಿಟ್ಟು, ಕಡ್ಡಿಗಳನ್ನು ಎಣಿಸಿ ತೆಗೆದು, ಆಮೇಲೆ ಕತ್ತರಿಸಬೇಕು. ಸ್ಟ್ರಾದ ತುಂಡೊಂದು ಮಗುವಿನ ತಟ್ಟೆಗೆ ಹೋಗಬಾರದು. ತಟ್ಟೆ, ಕಾಲುಗಳ ಸೆಟ್ ಬಳಸಿದ್ದರೆ ಮುಂಗಡ ಹಣ ಪಡೆದು, ವಾಪಸ್ ತರುವ ದಿನವನ್ನೂ ಅದೇ ಚೀಟಿಯಲ್ಲಿ ಬರೆದುಬಿಡಿ. ಮದುವೆಮನೆಯ ಪಾತ್ರೆಗಳ ಜೊತೆ ಅದು ಬಾಡಿಗೆ ಅಂಗಡಿಯ ಲಾರಿ ಹತ್ತಿದರೆ ಮುಂದಿನ ವಾರದ ಕೇಕಿಗೆ ಕಾಲಿರುವುದಿಲ್ಲ.