ಮಾಂಡೋವಿಯ ಚೊಣಕಕ್ಕೆ ಯಾವ ದಾರ?

ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಹೊಳೆ ಪಣಜಿಗೆ ಬರುವಷ್ಟರಲ್ಲಿ ಮಾಂಡೋವಿಯಾಗಿರುತ್ತದೆ. ಮಳೆಗಾಲದಲ್ಲಿ ಕೆಂಪು ಸಿಹಿನೀರು, ಮಳೆ ನಿಂತ ಮೇಲೆ ಮೆಲ್ಲಗೆ ಒಳನುಗ್ಗುವ ಉಪ್ಪುನೀರು. ಈ ಎರಡು ರುಚಿಯ ನೀರಿಗೂ ಒಗ್ಗಿಕೊಂಡ ಬೇಟೆಗಾರ ಮೀನು ಚೊಣಕ್. ಕುಂದಾಪುರದ ಕಡೆಯವರು ಕುರಡಿ ಎನ್ನುವುದು, ಆಸ್ಟ್ರೇಲಿಯಾದವರು ಬ್ಯಾರಮಂಡಿ ಎಂದು ಮೆರೆಸುವುದು, ಪಂಜರ ಕೃಷಿಯವರು ಸೀಬಾಸ್ ಎಂದು ಸಾಕುವುದು ಎಲ್ಲ ಇದನ್ನೇ.

ಹವ್ಯಾಸಕ್ಕೆ ಗಾಳ ಹಾಕುವವರಿಗೆ ಇದು ಸುಲಭದ ತುತ್ತಲ್ಲ. ಚೊಣಕ್ ಬಯಲು ನೀರಿನಲ್ಲಿ ಅಲೆಯುವುದಕ್ಕಿಂತ ಕಾಂಡ್ಲಾ ಬೇರಿನ ಸಂದು, ಸೇತುವೆಯ ಕಂಬ, ಸಿಂಪಿ ಮೆತ್ತಿಕೊಂಡ ಕಲ್ಲುಗಳ ಮರೆಯಲ್ಲಿ ಹೊಂಚು ಹಾಕುವುದೇ ಹೆಚ್ಚು. ಕಟ್ಟೆ ಕಟ್ಟಿದ ಉಪ್ಪುನೀರಿನ ಖಾಜನ್ ಗದ್ದೆಗಳ ತೂಬಿನ ಬಾಯಲ್ಲಂತೂ ಇಳಿತದ ಹೊತ್ತಿಗೆ ಸೀಗಡಿ, ಸಣ್ಣ ಮೀನುಗಳು ಹೊರಬೀಳುವುದನ್ನೇ ಕಾಯುತ್ತದೆ. ಅಘನಾಶಿನಿಯ ಇಂಥದೇ ಗಜನಿ ಗದ್ದೆಗಳ ತೂಬು, ಅಂದರೆ ಜಂತ್ರಡಿ, ಕಂಡವರಿಗೆ ಈ ಜಾಗದ ಮಹಿಮೆ ಗೊತ್ತು. ಕೊಕ್ಕೆ ಕಚ್ಚಿದೊಡನೆ ಮೀನು ಮತ್ತೆ ಬೇರುಗಳ ಕಡೆಗೇ ನುಗ್ಗುತ್ತದೆ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಹೀಗಾಗಿ ಇಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಬಹುಪಾಲು ದಾರದಲ್ಲಿ. ಇಂದು ಅನುಭವಸ್ಥರು ಕಟ್ಟುವ ಆ ದಾರ ಒಂದೇ ವಸ್ತುವಿನದಲ್ಲ. ಅದು ಹೀಗೆ ರೂಪುಗೊಳ್ಳಲು ನೂರು ವರ್ಷವೇ ಹಿಡಿಯಿತು.

ರೇಷ್ಮೆಯ ಕಾಲ

ಭಾರತದ ಗಾಳಗಾರಿಕೆಯ ಹೆಸರಾಂತ ಇಂಗ್ಲಿಷ್ ಪುಸ್ತಕ 'ದ ರಾಡ್ ಇನ್ ಇಂಡಿಯಾ' ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್. ಆ ಕಾಲದ ಸಾಹೇಬರ ರೀಲಿನಲ್ಲಿ ಇರುತ್ತಿದ್ದುದು ಹೆಣೆದ ರೇಷ್ಮೆ ದಾರ. ಸಂಜೆ ಮನೆಗೆ ಬಂದವರು ಅದನ್ನು ಪೂರ್ತಿ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ಕೊಳೆಯುತ್ತದೆ. ಕೊಕ್ಕೆಯ ಹತ್ತಿರದ ತುದಿಗೆ ಬೇರೆಯದೇ ಎಳೆ. ರೇಷ್ಮೆಹುಳುವಿನ ಗ್ರಂಥಿಯನ್ನು ವಿನೆಗರಿನಲ್ಲಿ ನೆನೆಸಿ, ಎಳೆದು, ಒಣಗಿಸಿದ 'ಗಟ್' ಅದು. ಸ್ಪೇನಿನ ಮುರ್ಸಿಯಾ ಈ ಕಸುಬಿಗೆ ಹೆಸರಾಗಿತ್ತು. ಒಣಗಿದಾಗ ಮುರಿಯುವ ಆ ಎಳೆಯನ್ನು ಬಳಸುವ ಮೊದಲು ನೀರಿನಲ್ಲಿ ನೆನೆಸಬೇಕಾಗಿತ್ತು. ಮುಖ್ಯ ದಾರ ಒಂದು, ತುದಿಯ ಎಳೆ ಇನ್ನೊಂದು ಎಂಬ ಪದ್ಧತಿ ಆಗಲೇ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಗಿರಣಿಯ ರೀಲು, ಪ್ರಯೋಗಾಲಯದ ದಾರ

1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿ ಮಾಲೀಕ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಹೊಸ ಬಗೆಯ ರೀಲಿಗೆ ಪೇಟೆಂಟ್ ಪಡೆದರು. ಅದರಲ್ಲಿ ಉರುಳೆ ತಿರುಗದು, ದಾರ ಮಾತ್ರ ಅದರ ಅಂಚಿನಿಂದ ಸುರುಳಿಯಾಗಿ ಹೊರಬರುತ್ತದೆ. ಇದರಿಂದ ಕೆಲವೇ ಗ್ರಾಂ ತೂಕದ ಕೃತಕ ಮೀನನ್ನೂ ದೂರಕ್ಕೆ ಎಸೆಯುವ ದಾರಿ ತೆರೆಯಿತು. ಅದಕ್ಕೆ ತಕ್ಕ ಸಪೂರ, ನಯವಾದ, ಗಟ್ಟಿ ದಾರ ಮಾತ್ರ ಇರಲಿಲ್ಲ. 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೆಸ್ ಕರೋಥರ್ಸ್ ತಂಡ ನೈಲಾನ್ ತಯಾರಿಸಿತು. 1938ರಲ್ಲಿ ಅದು ಮೊದಲು ಹಲ್ಲುಜ್ಜುವ ಬ್ರಷ್ಷಾಗಿ ಪೇಟೆಗೆ ಬಂತು, ಆಮೇಲೆ ಕಾಲುಚೀಲವಾಯಿತು, ಗಾಳದ ದಾರವೂ ಆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ರೀಲು ಮತ್ತು ಈ ದಾರ ಜೋಡಿಯಾದವು.

ಕೃತಕ ಮೀನುಗಳಿಗೂ ಅದರಿಂದ ಕಾಲ ಕೂಡಿಬಂತು. ಫಿನ್‌ಲೆಂಡಿನ ಬೆಸ್ತ ಲೌರಿ ರಪಾಲ 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೊ ಫಿಲ್ಮ್ ಕರಗಿಸಿ ಮೇಲ್ಪದರ ಕೊಟ್ಟು ಮಾಡಿದ ಲೂರ್ ಗಾಯಗೊಂಡ ಮರಿಮೀನಿನಂತೆ ತೂರಾಡುತ್ತಿತ್ತು. ಅಮೆರಿಕದ ಬಾಸ್ ಮೀನಿನ ಹಿಂದೆ ಬಿದ್ದವರು ಇಂಥವನ್ನು ಬಗೆಬಗೆಯಾಗಿ ಬೆಳೆಸಿದರು. ಅದೇ ಲೂರುಗಳು, ಅವುಗಳ ಜಪಾನೀ ಸೋದರರು, ಇಂದು ಮಾಂಡೋವಿಯಲ್ಲಿ ಈಜುತ್ತಿವೆ.

ನಮ್ಮ ಕರಾವಳಿಗೆ ನೈಲಾನ್ ಬಂದದ್ದು ಮುಖ್ಯವಾಗಿ ಬಲೆಯಾಗಿ. ಹತ್ತಿ, ಸಣಬುಗಳ ಜಾಗವನ್ನು ಅದು ಹಿಡಿಯಿತು. ನೈಲಾನಿನ ಒಂಟಿ ಎಳೆಯಾದ ತಂಗೂಸಿಯನ್ನು ಮರದ ತುಂಡಿಗೋ ಬಾಟಲಿಗೋ ಸುತ್ತಿ, ಸೀಗಡಿ ಚುಚ್ಚಿ ಕೈಯಿಂದಲೇ ಎಸೆಯುವವರು ಈಗಲೂ ದಡದುದ್ದಕ್ಕೂ ಇದ್ದಾರೆ. ಅವರ ಕೆಲಸಕ್ಕೆ ಅದೇ ಸರಿ. ಆದರೆ ತಂಗೂಸಿ ಹಿಗ್ಗುತ್ತದೆ, ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಸೊರಗುತ್ತದೆ, ಸುರುಳಿಯ ನೆನಪನ್ನು ಬಿಡುವುದಿಲ್ಲ.

ಮುಳುಗುವುದು, ತೇಲುವುದು

1971ರಲ್ಲಿ ಜಪಾನಿನ ಕುರೇಹ ಕಂಪನಿ ಫ್ಲೋರೋಕಾರ್ಬನ್ ದಾರ ತಂದಿತು. ನೀರಿಗಿಂತ 1.78 ಪಟ್ಟು ಭಾರವಾದ್ದರಿಂದ ಇದು ಮುಳುಗುತ್ತದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ನೈಲಾನಿಗಿಂತ ನೀರಿಗೆ ಹತ್ತಿರ, ಹಾಗಾಗಿ ಕಣ್ಣಿಗೆ ಬೀಳುವುದು ಕಡಿಮೆ. ತಿಕ್ಕಾಟ ತಡೆಯುತ್ತದೆ, ನೀರು ಹೀರುವುದಿಲ್ಲ.

ಮೂರನೆಯ ಕೃತಕ ದಾರ ನೆದರ್ಲೆಂಡ್ಸಿನದು. ಡಿಎಸ್‌ಎಂ ಕಂಪನಿಯ ಪೌಲ್ ಸ್ಮಿತ್, ಪೀಟ್ ಲೆಮ್‌ಸ್ಟ್ರಾ ಪಾಲಿಎಥಿಲೀನನ್ನು ಜೆಲ್ ಸ್ಥಿತಿಯಿಂದ ನೂಲಾಗಿ ಎಳೆಯುವ ವಿಧಾನಕ್ಕೆ 1979ರಲ್ಲಿ ಪೇಟೆಂಟ್ ಪಡೆದರು. 1990ರ ದಶಕದಲ್ಲಿ ಆ ನೂಲಿನ ಹೆಣಿಗೆ ದಾರ, ಅಂದರೆ ಬ್ರೇಡ್, ರೀಲುಗಳಿಗೆ ಬಂತು. ಗುಂಡು ನಿರೋಧಕ ಅಂಗಿಗೂ ಇದೇ ನೂಲು. 30 ಪೌಂಡ್ ತಾಳುವ ಬ್ರೇಡ್ ಸುಮಾರು 8 ಪೌಂಡಿನ ತಂಗೂಸಿಯಷ್ಟೇ ಸಪೂರ. ಹಿಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ನೀರಿಗಿಂತ ಹಗುರ. ದೊಡ್ಡ ಕೊರತೆ: ಎಳೆದಾಗ ಅಷ್ಟು ಬಲವಾದ ಈ ದಾರ ಬಿಗಿಯಾಗಿರುವಾಗ ಸಿಂಪಿಯ ಅಂಚಿಗೆ ತಾಗಿದರೆ ಪಟಕ್ಕನೆ ಹರಿಯುತ್ತದೆ.

ಲೂರ್ ನೋಡಿ ದಾರ

ಮಾಂಡೋವಿಯಲ್ಲಿ ಬ್ರೇಡ್ ಒಂದೇ ಸಾಲದು, ತಂಗೂಸಿ ಒಂದೇ ಸಾಲದು. ರೀಲಿನಲ್ಲಿ 20ರಿಂದ 30 ಪೌಂಡಿನ ಬ್ರೇಡ್, ತುದಿಗೆ ಒಂದೆರಡು ಮೀಟರ್ 40ರಿಂದ 60 ಪೌಂಡಿನ ದಪ್ಪ ಎಳೆ, ಅಂದರೆ ಲೀಡರ್: ಚೊಣಕಕ್ಕೆ ಒಪ್ಪುವ ಜೋಡಣೆ ಇದು. ರೇಷ್ಮೆ ಕಾಲದ ಹಳೆಯ ಪದ್ಧತಿಯೇ ಹೊಸ ವಸ್ತುಗಳಲ್ಲಿ ಮರಳಿದೆ. ಆ ಲೀಡರ್ ಯಾವುದಿರಬೇಕೆಂಬುದನ್ನು ಲೂರ್ ಹೇಳುತ್ತದೆ.

ನೀರ ಮೇಲೆ ಗುಳುಕ್ ಎನ್ನಿಸುತ್ತ ಬರುವ ಪಾಪರಿಗೆ ನೈಲಾನ್ ಲೀಡರ್ ಕಟ್ಟಿ. ಭಾರದ ಫ್ಲೋರೋಕಾರ್ಬನ್ ಅದರ ಮೂತಿಯನ್ನು ಕೆಳಕ್ಕೆಳೆದು ಆಟ ಕೆಡಿಸುತ್ತದೆ. ತಳದಲ್ಲಿ ಕುಪ್ಪಳಿಸುವ ಮೆತ್ತನೆಯ ರಬ್ಬರ್ ಸೀಗಡಿ, ಜಿಗ್‌ಗಳಿಗೆ ಫ್ಲೋರೋಕಾರ್ಬನ್ ಸರಿ. ಅದು ಮುಳುಗುತ್ತದೆ, ಹಿಗ್ಗದ ಬ್ರೇಡಿನ ಮೂಲಕ ಸಣ್ಣ ತಟ್ಟೂ ಬೆರಳಿಗೆ ಮುಟ್ಟುತ್ತದೆ. ತುಟಿಯಿರುವ, ಮುಮ್ಮೊನೆ ಕೊಕ್ಕೆಯ ಕ್ರ್ಯಾಂಕ್‌ಬೇಟ್‌ಗಳಿಗೆ ಸ್ವಲ್ಪ ಸಡಿಲ ಬೇಕು. ಬಿಗಿಯಾಗಿ ಎಳೆದರೆ ಸಣ್ಣ ಕೊಕ್ಕೆ ಬಾಯಿಂದ ಕಿತ್ತು ಬರುತ್ತದೆ. ಹಿಗ್ಗುವ ತಂಗೂಸಿ ಇಲ್ಲಿ ಇನ್ನೂ ಉಪಯೋಗಿ, ಬ್ರೇಡೇ ಆದರೆ ಬಳುಕುವ ರಾಡ್ ಇರಲಿ. ಯಾವುದೇ ಆಗಲಿ, ಗಂಟನ್ನು ಒದ್ದೆ ಮಾಡಿ ಬಿಗಿಯಿರಿ. ಒಣ ಗಂಟಿನ ಬಿಸಿಗೆ ಎಳೆ ಸುಡುತ್ತದೆ. ಪ್ರತಿ ಮೀನಿನ ನಂತರ ಲೀಡರನ್ನು ಉಗುರಿನಿಂದ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಕತ್ತರಿಸಿದ ತುಂಡು ಮಾತ್ರ ಕಿಸೆಗೆ ಹೋಗಲಿ. ರೇಷ್ಮೆ ಕೊಳೆಯುತ್ತಿತ್ತು, ಅದು ಅದರ ದೋಷವಾಗಿತ್ತು. ಈ ಮೂರು ದಾರಗಳು ಬಹುಕಾಲ ಕೊಳೆಯುವುದಿಲ್ಲ. ರಿಬಂದರದ ಎದುರು ದಡದ ಚೊರಾವ್ ನಡುಗಡ್ಡೆಯಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆ. ಕಾಂಡ್ಲಾ ಬೇರಿಗೆ ಸುತ್ತಿಕೊಂಡ ಒಂದು ಮಾರು ದಾರ ಹಕ್ಕಿಯ ಕಾಲಿಗೆ ಉರುಳಾಗಲು ಸಾಕು. ಗಾಳ ಹಿಡಿದು ಹೊರಟವರು ಚೀಲದಲ್ಲಿ ಹಳೆಯ ದಾರಕ್ಕೊಂದು ಡಬ್ಬಿ ಇಟ್ಟುಕೊಳ್ಳಿ, ಬೇರೆಯವರು ಬಿಟ್ಟುಹೋದದ್ದನ್ನೂ ಅದಕ್ಕೇ ತುಂಬಿ.