ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎನ್ನುವುದು ನಮ್ಮ ಹಿರಿಯರ ಮಾತು. ಅಡುಗೆಮನೆಯಲ್ಲಿ ಇದು ಸರಿ. ಮನುಷ್ಯನ ದೇಹಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ. ಇವತ್ತು ನೋಡಿದ ಬಿ.ಪಿ., ಕಳೆದ ತಿಂಗಳು ಮಾಡಿಸಿದ ಕೊಲೆಸ್ಟರಾಲ್ ಪರೀಕ್ಷೆ, ಇವೆಲ್ಲ ಒಂದು ದೊಡ್ಡ ಕಥೆಯ ಒಂದೊಂದು ಪುಟ ಅಷ್ಟೇ. ಪುಟಗಳನ್ನು ಜೋಡಿಸಿ ಓದುವುದು ಹೇಗೆ? ವೈದ್ಯಕೀಯ ಸಂಶೋಧನೆಯಲ್ಲಿ ಇದಕ್ಕೆಂದೇ ಒಂದು ಶಾಸ್ತ್ರವಿದೆ.

ನಾನು ಎಂ.ಬಿ.ಬಿ.ಎಸ್. ಓದುವಾಗ ಸಂಖ್ಯಾಶಾಸ್ತ್ರವೆಂದರೆ ಪಿ.ಎಸ್.ಎಂ. ಪುಸ್ತಕದ ಕೆಲವು ಪುಟಗಳು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ವಿಷಯ. ಎಂ.ಡಿ. ಮುಗಿಸಿ ಅಮೆರಿಕಕ್ಕೆ ಬಂದು ರೋಗಿಗಳನ್ನು ನೋಡತೊಡಗಿದ ಮೇಲೆ, ನಾನು ಬರೆಯುವ ಪ್ರತಿಯೊಂದು ಔಷಧಿ ಚೀಟಿಯ ಹಿಂದೆ ಆ ಪುಟಗಳು ಇವೆಯೆಂದು ಅರ್ಥವಾಯಿತು.

ಅಜ್ಜ ಕುಳ್ಳ, ಮೊಮ್ಮಗ ಎತ್ತರ

ನಮ್ಮ ಕೂಟದ ಯುಗಾದಿ ಊಟದ ಸಾಲನ್ನು ನೋಡಿ. ಅಜ್ಜಂದಿರು ಕುಳ್ಳಗಿದ್ದಾರೆ, ಇಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ಉದ್ದಕ್ಕಿದ್ದಾರೆ. ಹಾಗಾದರೆ ವಯಸ್ಸಾದಂತೆ ಮನುಷ್ಯ ಅರ್ಧ ಅಡಿ ಕುಗ್ಗುತ್ತಾನೆಯೇ? ಇಲ್ಲ. ಸ್ವಲ್ಪ ಕುಗ್ಗುವುದು ನಿಜ, ಆದರೆ ಅಜ್ಜ ಬೆಳೆದ ಕಾಲದ ಊಟವೇ ಬೇರೆ, ಮೊಮ್ಮಗನ ಊಟವೇ ಬೇರೆ. ಒಂದೇ ದಿನ ಬೇರೆ ಬೇರೆ ವಯಸ್ಸಿನವರನ್ನು ಅಳೆದರೆ ವಯಸ್ಸಿನ ಪ್ರಭಾವವೂ ತಲೆಮಾರಿನ ಪ್ರಭಾವವೂ ಕಲಸಿಹೋಗುತ್ತವೆ. ಅವನ್ನು ಬೇರ್ಪಡಿಸಲು ಅದೇ ಮನುಷ್ಯರನ್ನು ಮತ್ತೆ ಮತ್ತೆ, ವರ್ಷಾನುಗಟ್ಟಲೆ ಅಳೆಯಬೇಕು.

ಇದನ್ನು ಮಾಡಿ ತೋರಿಸಿದ ಊರು ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್. 1948ರಲ್ಲಿ ಅಲ್ಲಿ 5,209 ಮಂದಿಯನ್ನು ಸೇರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವ ಅಧ್ಯಯನ ಶುರುವಾಯಿತು. 1971ರಲ್ಲಿ ಅವರ ಮಕ್ಕಳು, 2002ರಲ್ಲಿ ಮೊಮ್ಮಕ್ಕಳು ಸೇರಿದರು. ಹೆಚ್ಚಿದ ಬಿ.ಪಿ., ಕೊಲೆಸ್ಟರಾಲ್, ಸಿಗರೇಟು ಇವು ಹೃದಯಕ್ಕೆ ಅಪಾಯವೆಂದು ಇಂದು ಮನೆಮನೆಗೂ ಗೊತ್ತಿರುವುದರಲ್ಲಿ ಈ ಊರಿನ ಪಾಲು ಬಹಳ ದೊಡ್ಡದು.

ಲೆಕ್ಕದ ಮೂರು ತೊಡಕು

ಅಂಕಿಗಳನ್ನು ಕೂಡಿಹಾಕಿದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. ಐದು ಜನರ ಬಿ.ಪಿ.ಯನ್ನು ನಾಲ್ಕು ಸಲ ನೋಡಿದರೆ ಇಪ್ಪತ್ತು ಅಂಕಿ ಸಿಗುತ್ತವೆ, ಇಪ್ಪತ್ತು ಜನ ಸಿಗುವುದಿಲ್ಲ. ಒಬ್ಬನ ಅಂಕಿಗಳು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುತ್ತವೆ. ಇದನ್ನು ಮರೆತರೆ ಇಲ್ಲದ ಖಚಿತತೆ ಬಂದುಬಿಡುತ್ತದೆ. 1982ರಲ್ಲಿ ನ್ಯಾನ್ ಲೇರ್ಡ್ ಮತ್ತು ಜೇಮ್ಸ್ ವೇರ್ ಇದಕ್ಕೊಂದು ಒಳ್ಳೆಯ ದಾರಿ ತೋರಿಸಿದರು. ಗುಂಪಿಗೆಲ್ಲ ಒಂದು ಸರಾಸರಿ ಗೆರೆ. ಅದರ ಜೊತೆಗೆ ಪ್ರತಿಯೊಬ್ಬನಿಗೂ ತನ್ನದೇ ಆರಂಭ, ತನ್ನದೇ ಏರಿಳಿತ. ಹತ್ತು ಸಲ ಬಂದವನನ್ನೂ ಮೂರೇ ಸಲ ಬಂದವನನ್ನೂ ಈ ಲೆಕ್ಕ ಒಟ್ಟಿಗೆ ಸೇರಿಸಿಕೊಳ್ಳುತ್ತದೆ.

ಎರಡನೆಯದು 'ಇನ್ನೂ ಇಲ್ಲ' ಎನ್ನುವವರ ತೊಡಕು. ಅಧ್ಯಯನ ಮುಗಿಯುವಾಗ ಕೆಲವರಿಗೆ ಹೃದಯಾಘಾತ ಆಗಿರುತ್ತದೆ, ಹೆಚ್ಚಿನವರಿಗೆ ಆಗಿರುವುದಿಲ್ಲ. ಆಗದವರನ್ನು ಬಿಟ್ಟರೂ ತಪ್ಪು, ಅವರಿಗೆ ಎಂದೂ ಆಗುವುದಿಲ್ಲವೆಂದರೂ ತಪ್ಪು. 'ಇಷ್ಟು ವರ್ಷದವರೆಗೆ ಆಗಿಲ್ಲ' ಎಂಬುದನ್ನೇ ಮಾಹಿತಿಯಾಗಿ ಬಳಸುವ ದಾರಿಯನ್ನು 1958ರಲ್ಲಿ ಕಪ್ಲಾನ್ ಮತ್ತು ಮೈಯರ್, 1972ರಲ್ಲಿ ಡೇವಿಡ್ ಕಾಕ್ಸ್ ಕೊಟ್ಟರು.

ಮೂರನೆಯದೇ ಕಠಿಣ: ಬರದೇ ಹೋದವರು. ಕಾಯಿಲೆ ಹೆಚ್ಚಾದವರು ಪರೀಕ್ಷೆಗೆ ಬರುವುದನ್ನು ಬಿಟ್ಟರೆ, ಉಳಿದವರನ್ನಷ್ಟೇ ನೋಡಿ 'ಎಲ್ಲರೂ ಸುಧಾರಿಸಿದ್ದಾರೆ' ಎಂದು ನಂಬುವಂತಾಗುತ್ತದೆ. ಏಕೆ ಬರಲಿಲ್ಲ ಎಂಬುದರ ಸುಳಿವು ಹಿಂದಿನ ದಾಖಲೆಯಲ್ಲಿದ್ದರೆ ಲೆಕ್ಕವನ್ನು ಸರಿಪಡಿಸಬಹುದು. ಸುಳಿವೇ ಇಲ್ಲದಿದ್ದರೆ ಯಾವ ಸೂತ್ರವೂ ಪೂರ್ತಿ ಕಾಪಾಡುವುದಿಲ್ಲ.

ಮೈಸೂರಿನ ರಿಜಿಸ್ಟರುಗಳು

ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ವಿಷಯ ಇಲ್ಲಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರ 'ಮಿಷನ್ ಆಸ್ಪತ್ರೆ'ಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯ ವಿವರ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಶೇ. 3. ರಿಜಿಸ್ಟರಿನಲ್ಲಿ ಅಂದು ತೂಕ ಬರೆದಿಟ್ಟ ದಾದಿಗೆ, ಅರ್ಧ ಶತಮಾನದ ಬಳಿಕ ಅದು ಜಗತ್ತಿಗೆ ಪಾಠವಾಗುತ್ತದೆಂದು ಹೇಗೆ ಗೊತ್ತಿದ್ದೀತು!

ನಮ್ಮ ಲೆಕ್ಕ ಎಲ್ಲಿದೆ?

ಫ್ರೇಮಿಂಗ್‌ಹ್ಯಾಮಿನ ಮೊದಲ ತಂಡದವರು ಬಹುತೇಕ ಎಲ್ಲರೂ ಯುರೋಪ್ ಮೂಲದವರು. ಆ ಅಂಕಿಗಳಿಂದ ಮಾಡಿದ ಅಳತೆಗೋಲು ನಮಗೆ ಸರಿಯಾಗಿ ಹೊಂದುವುದೇ? ನಮ್ಮವರಲ್ಲಿ ಹೃದಯದ ಕಾಯಿಲೆ ಬೇಗ ಬರುತ್ತದೆ, ಹೆಚ್ಚು ದಪ್ಪಗಾಗದೆಯೂ ಸಕ್ಕರೆ ಕಾಯಿಲೆ ಬರುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಪ್ರದೇಶಗಳಲ್ಲಿ 2010ರಲ್ಲಿ ಶುರುವಾದ ಅಧ್ಯಯನದ ಹೆಸರು ಸೊಗಸಾಗಿದೆ: 'ಮಸಾಲಾ'. ಮೊದಲ ಸುತ್ತಿನಲ್ಲಿ 906 ದಕ್ಷಿಣ ಏಷ್ಯನ್ನರು ಸೇರಿದರು. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯೂ ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿತು.

ಊರು ಬಿಟ್ಟು ಊರಿಗೆ, ಕೆಲಸ ಬಿಟ್ಟು ಕೆಲಸಕ್ಕೆ ಹೋಗುವ ನಾವು, ಸಂಖ್ಯಾಶಾಸ್ತ್ರಜ್ಞರ ಭಾಷೆಯಲ್ಲಿ 'ಕೈತಪ್ಪಿ ಹೋದವರು'. ನಮ್ಮ ಒಂದು ರಿಪೋರ್ಟು ಬೆಂಗಳೂರಿನಲ್ಲಿ, ಇನ್ನೊಂದು ಡೆಟ್ರಾಯ್ಟ್‌ನಲ್ಲಿ, ಮತ್ತೊಂದು ಹಳೆಯ ಡಾಕ್ಟರ ಕಂಪ್ಯೂಟರಿನಲ್ಲಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದು ಹಾಳೆ ಇಡಿ. ದಿನಾಂಕ, ತೂಕ, ಬಿ.ಪಿ., ಎ1ಸಿ, ಕೊಲೆಸ್ಟರಾಲ್, ಕ್ರಿಯಾಟಿನಿನ್ ಬರೆದಿಡಿ. ಎ1ಸಿ ಒಂದು ವರ್ಷ 5.2, ಮುಂದೆ 5.4, ಆಮೇಲೆ 5.6 ಬಂದರೆ ಮೂರು ರಿಪೋರ್ಟಿನಲ್ಲೂ 'ನಾರ್ಮಲ್' ಎಂದೇ ಇರುತ್ತದೆ. ಏರುತ್ತಿರುವುದು ಕಾಣುವುದು ಹಾಳೆಯಲ್ಲಿ ಮಾತ್ರ. ಹಾಗೆಯೇ ಒಂದು ದಿನ ಬಿ.ಪಿ. ಜಾಸ್ತಿ ಬಂದರೆ ಗಾಬರಿ ಬೇಡ. ಅತಿ ಹೆಚ್ಚಿನ ಅಂಕಿಯ ನಂತರದ ಅಂಕಿ, ಏನೂ ಮಾಡದಿದ್ದರೂ, ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಹಲವು ದಿನ ನೋಡಿ, ಬರೆದು, ನಿಮ್ಮ ಡಾಕ್ಟರಿಗೆ ತೋರಿಸಿ. ಊರಿನಲ್ಲಿರುವ ಅಪ್ಪ ಅಮ್ಮನಿಗೂ ಫೋನಿನಲ್ಲಿ ಕೇಳಿ ಒಂದೊಂದು ಹಾಳೆ ಶುರುಮಾಡಿ.

ಯಾವುದಾದರೂ ದೀರ್ಘಕಾಲದ ಅಧ್ಯಯನಕ್ಕೆ ಕರೆ ಬಂದರೆ, ವಿಚಾರಿಸಿ, ಒಪ್ಪಿಗೆಯಾದರೆ ಸೇರಿ. ಸೇರಿದ ಮೇಲೆ ಮಧ್ಯದಲ್ಲಿ ಮಾಯವಾಗಬೇಡಿ. ಅದರ ಫಲ ನಮಗೆ ಸಿಗದಿರಬಹುದು, ನಮ್ಮ ಮೊಮ್ಮಕ್ಕಳಿಗೆ ಸಿಕ್ಕೇ ಸಿಗುತ್ತದೆ.