ಪರಿಪೂರಕ ಕೋನಗಳು

ರೇಖಾಗಣಿತವೆಂದರೆ ನಮ್ಮಲ್ಲಿ ಅನೇಕರಿಗೆ ಪ್ರೌಢಶಾಲೆಯ ಹೊಸ್ತಿಲಲ್ಲಿಯೇ ಇಳಿಸಿ ಬಂದ ಹೊರೆ. ಚರಿತ್ರೆ, ತರ್ಕಶಾಸ್ತ್ರಗಳನ್ನು ಓದುವವರಿಗೆ ಕೋನಗಳ ಗೊಡವೆಯೇಕೆಂದು ಮಿತ್ರರು ಕೇಳಬಹುದು. ತರ್ಕವನ್ನು ಓದುವವರಿಗೇ ಇದು ಹೆಚ್ಚು ರುಚಿಸತಕ್ಕ ವಿಷಯವೆಂದು ನನ್ನ ನಂಬಿಕೆ.

ಎರಡು ಕೋನಗಳ ಮೊತ್ತ 180 ಡಿಗ್ರಿಯಾದರೆ ಅವು ಪರಿಪೂರಕ ಕೋನಗಳು. 90 ಆದರೆ ಪೂರಕ ಕೋನಗಳು. 110ಕ್ಕೆ 70 ಪರಿಪೂರಕ. ಇವು ಅಕ್ಕಪಕ್ಕದಲ್ಲಿಯೇ ಇರಬೇಕೆಂದು ಹಲವರು ಭಾವಿಸುತ್ತಾರೆ. ಅಂತಹ ನಿಯಮವಿಲ್ಲ. ಒಂದು ಈ ಪುಟದಲ್ಲಿಯೂ ಇನ್ನೊಂದು ಮುಂದಿನ ಪುಟದಲ್ಲಿಯೂ ಇದ್ದರೂ ಸಂಬಂಧ ಕೆಡುವುದಿಲ್ಲ. ಒಂದೇ ಸರಳರೇಖೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ನಿಂತ ಜೊತೆಗೆ ಸರಳ ಯುಗ್ಮವೆಂಬ ಬೇರೆ ಹೆಸರೇ ಇದೆ.

ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಯೂಕ್ಲಿಡ್ ಡಿಗ್ರಿಯ ಮಾತನ್ನೇ ಎತ್ತಲಿಲ್ಲ; ‘ಎರಡು ಲಂಬಕೋನಗಳು’ ಎಂದಷ್ಟೇ ಹೇಳಿದನು. ಆತನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದ 13ನೆಯ ಪ್ರಮೇಯ ಇದೇ: ಒಂದು ಸರಳರೇಖೆಯ ಮೇಲೆ ಇನ್ನೊಂದು ರೇಖೆ ನಿಂತರೆ, ಅದು ಎತ್ತ ವಾಲಿದ್ದರೂ, ಎರಡು ಪಕ್ಕದ ಕೋನಗಳು ಕೂಡಿ ಎರಡು ಲಂಬಕೋನಗಳಿಗೆ ಸಮ. ಇದರ ಫಲ 15ನೆಯ ಪ್ರಮೇಯದಲ್ಲಿ ದೊರೆಯುತ್ತದೆ. ಎರಡು ಬೆತ್ತಗಳನ್ನು ಅಡ್ಡಡ್ಡಲಾಗಿ ಹಿಡಿಯಿರಿ. ಮೇಲಿನ ಕೋನವೂ ಬಲಗಡೆಯ ಕೋನವೂ ಪರಿಪೂರಕ. ಕೆಳಗಿನ ಕೋನವೂ ಅದೇ ಬಲಗಡೆಯ ಕೋನವೂ ಪರಿಪೂರಕ. ಆದಕಾರಣ ಮೇಲಿನದೂ ಕೆಳಗಿನದೂ ಸಮ. ಕೋನಮಾಪಕವನ್ನು ಮುಟ್ಟದೆಯೇ ಸಿದ್ಧವಾಯಿತು!

ಆದರೆ ನಿಜವಾದ ಸ್ವಾರಸ್ಯವಿರುವುದು ಆತನ ಐದನೆಯ ಸ್ವೀಕೃತ ತತ್ತ್ವದಲ್ಲಿ. ಎರಡು ರೇಖೆಗಳನ್ನು ಮೂರನೆಯದೊಂದು ಛೇದಿಸಿದಾಗ, ಒಂದೇ ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಮೆಯಾದರೆ, ಆ ರೇಖೆಗಳು ಆ ಪಕ್ಕದಲ್ಲಿ ಎಲ್ಲಿಯಾದರೂ ಕೂಡಿಯೇ ತೀರುವುವು ಎಂಬುದು ಅದರ ಸಾರ. ಅಂದರೆ ಸಮಾನಾಂತರ ರೇಖೆಗಳ ನಡುವೆ ಆ ಒಳಕೋನಗಳು ಪರಿಪೂರಕವಾಗಿಯೇ ಇರಬೇಕು. ತ್ರಿಭುಜದ ಮೂರು ಕೋನಗಳು 180 ಡಿಗ್ರಿಯೆಂಬುದೂ ಇದನ್ನೇ ನಂಬಿ ನಿಂತಿದೆ. ಆದರೆ ಇದನ್ನು ಸಾಧನೆಯಿಲ್ಲದೆ ಒಪ್ಪಬೇಕೆಂದರೆ ಮನಸ್ಸು ಹಿಂಜರಿಯುತ್ತದೆ. ಸ್ವತಃ ಯೂಕ್ಲಿಡ್ ಮೊದಲ 28 ಪ್ರಮೇಯಗಳವರೆಗೆ ಇದನ್ನು ಬಳಸಲಿಲ್ಲ. 29ರಲ್ಲಿ ವಿಧಿಯಿಲ್ಲದೆ ತಂದನು. ಡಿ.ವಿ.ಜಿ.ಯವರ ‘ಉಮರನ ಒಸಗೆ’ಯಿಂದ ನಮಗೆ ಕವಿಯೆಂದೇ ಪರಿಚಿತನಾದ ಉಮರ್ ಖಯ್ಯಾಮ್ ಕೂಡ ಈ ತೊಡಕನ್ನು ಬಿಡಿಸಲು ಒಂದು ಗ್ರಂಥ ಬರೆದನು. (ಮಧುಪಾತ್ರೆಯ ಕವಿ ಸಮಾನಾಂತರ ರೇಖೆಗಳಿಗಾಗಿ ತಲೆ ಕೆಡಿಸಿಕೊಂಡನೆಂದರೆ ಯಾರು ನಂಬುವರು?) 1733ರಲ್ಲಿ ಇಟಲಿಯ ಸಕ್ಕೇರಿ ಇದರ ವಿರುದ್ಧವನ್ನು ಊಹಿಸಿಕೊಂಡು ಅದು ಅಸಂಬದ್ಧವೆಂದು ತೋರಿಸಹೊರಟನು. 1829ರಲ್ಲಿ ರಷ್ಯದ ಲೋಬಚೆವ್‌ಸ್ಕಿ, 1832ರಲ್ಲಿ ಹಂಗೆರಿಯ ಬೋಯಾಯಿ ಬೇರೆ ದಾರಿ ಹಿಡಿದರು: ಈ ತತ್ತ್ವವನ್ನು ಕೈಬಿಟ್ಟೂ ಇನ್ನೊಂದು ರೇಖಾಗಣಿತವನ್ನು ಕಟ್ಟಬಹುದೆಂದು ತೋರಿಸಿದರು. ಅಲ್ಲಿ ಮೊತ್ತ 180ಕ್ಕಿಂತ ಕಡಮೆಯಿದ್ದರೂ ರೇಖೆಗಳು ಕೂಡದಿರಬಹುದು.

ಇದಕ್ಕೆ ವಿಪರೀತವಾದುದನ್ನು ಭೂಗೋಳ ಶಾಸ್ತ್ರದ ಕೊಠಡಿಯಲ್ಲಿರುವ ಗೋಳದ ಮೇಲೆಯೇ ನೋಡಬಹುದು. ಯಾವುದಾದರೂ ಎರಡು ರೇಖಾಂಶಗಳನ್ನು ಆರಿಸಿಕೊಳ್ಳಿ. ಎರಡೂ ಸಮಭಾಜಕವೃತ್ತವನ್ನು ಲಂಬವಾಗಿಯೇ ಛೇದಿಸುತ್ತವೆ, ಒಳಕೋನಗಳು 90, 90, ಮೊತ್ತ 180. ಆದರೂ ಅವು ಧ್ರುವದಲ್ಲಿ ಕೂಡುತ್ತವೆ. ಏಕೆಂದರೆ ಅಲ್ಲಿಯ ‘ನೇರ’ ಹಾದಿ ಹೋದಂತೆಲ್ಲ ಬಾಗಿ ಹೊರಟಲ್ಲಿಗೇ ಹಿಂದಿರುಗುತ್ತದೆ. ಆ ರೇಖಾಂಶಗಳ ನಡುವೆ 90 ಡಿಗ್ರಿ ಅಂತರವಿದ್ದರಂತೂ ತ್ರಿಭುಜದ ಮೂರೂ ಲಂಬಕೋನಗಳೇ, ಒಟ್ಟು 270! ನಮ್ಮ ಕಾಲೇಜಿನ ಆಟದ ಮೈದಾನದಷ್ಟು ನೆಲದಲ್ಲಿ ಈ ವ್ಯತ್ಯಾಸ ಯಾವ ಅಳತೆಗೂ ಸಿಕ್ಕದಷ್ಟು ಅಲ್ಪ.